ಬೈಯುವುದನ್ನು ಬಿಟ್ಟ ಅತ್ತೆ

ನಡುಕಕ್ಕೆ ಅಂಕ ಕೊಡುವುದು ನನ್ನ ಕೆಲಸ. ಶಾಲೆಯಲ್ಲಿ ಸೊನ್ನೆ ಬಂದರೆ ಬೆತ್ತ, ನಮ್ಮಲ್ಲಿ ಸೊನ್ನೆ ಬಂದರೆ ಪೇಢೆ. ಕೈ ನಡುಗದಿದ್ದರೆ ಸೊನ್ನೆ, ಕಂಡೂ ಕಾಣದಂತೆ ನಡುಗಿದರೆ ಒಂದು. ನೀರಿನ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿದರೆ ಮೂರು, ಲೋಟವನ್ನೇ ಹಿಡಿಯಲಾಗದಿದ್ದರೆ ನಾಲ್ಕು. ಬಳ್ಳಾರಿಯಲ್ಲಿ ನರರೋಗದ ಡಾಕ್ಟರೊಬ್ಬರ ಬಳಿ ನಾನು ಫಿಸಿಯೋಥೆರಪಿಸ್ಟ್. ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನ ಆಪರೇಷನ್ ಮಾಡಿಸಿಕೊಂಡವರು ನಮ್ಮ ಸುತ್ತಲಿನ ಊರುಗಳಲ್ಲೂ ಒಬ್ಬೊಬ್ಬರಾಗಿ ಕಾಣತೊಡಗಿದ ಮೇಲೆ ಈ ಅಳತೆಯ ಕೆಲಸ ನನ್ನ ಕೊರಳಿಗೆ ಬಿತ್ತು.

ಆಪರೇಷನ್ ನಡೆಯುವುದು ದೊಡ್ಡ ಊರಿನಲ್ಲಿ. ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು, ಶಾವಿಗೆಯಷ್ಟು ದಪ್ಪದ ತಂತಿಗಳನ್ನು ಮೆದುಳಿನ ಆಳಕ್ಕೆ ಇಳಿಸುತ್ತಾರೆ. ಅಲ್ಲಿಂದ ಚರ್ಮದ ಕೆಳಗೇ, ಕಿವಿಯ ಹಿಂದಿನಿಂದ ಎದೆಯವರೆಗೆ ವೈರು ತಂದು, ಕೊರಳೆಲುಬಿನ ಕೆಳಗೆ ಇಟ್ಟು ಹೊಲಿದ ಬ್ಯಾಟರಿಗೆ ಜೋಡಿಸುತ್ತಾರೆ. ಕರೆಂಟು ಹರಿಯುವವರೆಗೆ ನಡುಕ ಅಡಗಿರುತ್ತದೆ. ಕಾಯಿಲೆ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಆಪರೇಷನ್ ಮಾಡಿದವರು ಹೊಲಿಗೆ ಬಿಚ್ಚಿ ಕಳಿಸಿಬಿಡುತ್ತಾರೆ, ಉಳಿದ ಸಂಸಾರವೆಲ್ಲ ನಮ್ಮ ಪಾಲಿಗೆ. ಕರೆಂಟು ಎಷ್ಟಿರಬೇಕು, ಗುಳಿಗೆ ಎಷ್ಟು ಇಳಿಸಬೇಕು ಎಂದು ನಮ್ಮ ಡಾಕ್ಟರು ತೀರ್ಮಾನಿಸಬೇಕಾದರೆ ರೋಗಿಗೆ ಈಗ ಏನೇನು ತೊಂದರೆ ಉಳಿದಿದೆ ಎಂಬುದು ಅವರಿಗೆ ಗೊತ್ತಾಗಬೇಕು. ಅದಕ್ಕೇ ನನ್ನ ಚೀಲ, ನನ್ನ ಸ್ಟಾಪ್‌ವಾಚು, ನನ್ನ ಪ್ರಶ್ನೆಗಳು.

ಸಿರುಗುಪ್ಪದ ಅಮ್ಮನನ್ನು ನಾನು ಮೊದಲು ಕಂಡದ್ದು ಆಪರೇಷನ್ನಿಗೆ ಮುಂಚೆ. ಮುಂಚಿನ ಅಳತೆ ಇಲ್ಲದಿದ್ದರೆ ಆಮೇಲಿನದಕ್ಕೆ ಬೆಲೆ ಇಲ್ಲ. ಭತ್ತದ ಗಿರಣಿಗಳಿಗೆ ಹೋಗುವ ದಾರಿಯಲ್ಲೇ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಗೊಬ್ಬರದ ಅಂಗಡಿ ನಡೆಸುತ್ತಿದ್ದ, ಮನೆಯಲ್ಲಿ ಸೊಸೆ, ಶಾಲೆಗೆ ಹೋಗುವ ಮೊಮ್ಮಕ್ಕಳು. ಮಗಳನ್ನು ಹತ್ತಿರದಲ್ಲೇ ರಾರಾವಿಗೆ ಕೊಟ್ಟಿದ್ದರು. ಅಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಇಡೀ ಓಣಿಯ ಆಡಳಿತ ನಡೆಸುತ್ತಿದ್ದರು. ಬಲಗೈ ತೊಡೆಯ ಮೇಲೆ ಹಕ್ಕಿಯ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಬಾಯಿ ಅದಕ್ಕಿಂತ ಜೋರು. ಧೂಳೆಬ್ಬಿಸಿಕೊಂಡು ಹೋಗುವ ಟ್ರ್ಯಾಕ್ಟರಿನವನಿಗೆ ಒಂದು, ನೀರು ಪೋಲು ಮಾಡುವ ಎದುರು ಮನೆಯವಳಿಗೆ ಒಂದು, ಸೊಸೆಗಂತೂ ಲೆಕ್ಕವಿಲ್ಲ.

ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟಿ ತೋರಿಸಿ ಎಂದೆ. ಮುಷ್ಟಿ ಬಿಚ್ಚಿ ಮುಚ್ಚಿ ಎಂದೆ. ಅಂಗೈ ಮಗುಚಿ ಎಂದೆ.

"ಬೆರಳ ತಟ್ಟು ಅಂತಿ, ಮುಷ್ಟಿ ತಗಿ ಅಂತಿ. ನಾನೇನ ಕೂಸೇನು? ಇನ್ನ ಸ್ವಲ್ಪ ಹೊತ್ತಿಗೆ ಕುಣಿ ಅಂತಿ ನೀನು."

"ಕುಣಿಯೋದು ಬ್ಯಾಡಮ್ಮ, ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋಗಿ ಬಂದ್ರ ಸಾಕು."

"ನಮ್ಮ ಮನಿಯಾಗ ನನಗ ನಡಿಯಾಕ ಹೇಳಾಕಿ ಇವ್ಳು," ಎಂದು ಗೊಣಗುತ್ತಲೇ ಎದ್ದರು. ಪಾದ ನೆಲಕ್ಕೆ ಅಂಟಿದಂತಾಗಿ ಹೊಸ್ತಿಲ ಮುಂದೆ ನಿಂತುಬಿಟ್ಟರು. ಬೆನ್ನ ಹಿಂದೆ ನಿಂತು ಹಿಡಿದುಕೊಂಡೆ. ಎಲ್ಲ ಮುಗಿದು ನಾನು ಹೊರಟಾಗ ಊಟಕ್ಕೆ ಕರೆದರು, ಬೇಡವೆಂದೆ. ಅಷ್ಟೇ ಸಾಕಾಯಿತು. "ಉಣ್ಣೋ ಹೊತ್ತಿಗೆ ಬಂದು ಒಲ್ಲೆ ಅಂದ್ರ ಹೆಂಗ? ನಮ್ಮ ಮನಿ ರೊಟ್ಯಾಗ ಮುಳ್ಳು ಅದಾವೇನ? ಕುಂಡ್ರು ಸುಮ್ನ!" ಕುಳಿತೆ. ತಟ್ಟೆ ತರಲು ಹೋದ ಸೊಸೆಯ ಬೆನ್ನಿಗೆ, "ಬಿಸಿದು ಹಾಕಲೇ, ನಿನ್ನೆವು ಹಾಕಬ್ಯಾಡ," ಎಂದು ಕೂಗಿದರು. ರೊಟ್ಟಿ ತಟ್ಟುವ ಕೈ ಹೋಗಿ ಆಗಲೇ ಎರಡು ವರ್ಷವಾಗಿತ್ತಂತೆ. ಅವರಿಗೆ ಇದ್ದ ಒಂದೇ ದೊಡ್ಡ ಸಂಕಟ ಅದು. "ಸಾಯೋದ್ರಾಗ ಒಮ್ಮಿ ನನ್ನ ಕೈಯಿಂದ ನಾನ ತಟ್ಟಿಕೊಂಡು ಉಣ್ಣಬೇಕವ್ವ," ಎಂದರು. ಅಂದು ನಾನು ಬರೆದುಕೊಂಡ ಅಂಕಗಳಲ್ಲಿ ಮೂರು, ನಾಲ್ಕುಗಳೇ ಹೆಚ್ಚು.

ಆಪರೇಷನ್ ಆಯಿತು. ಕೆಲವು ವಾರಗಳ ಮೇಲೆ ಕರೆಂಟು ಹೊಂದಿಸಿದರು. ಮುಂದಿನ ಸಲ ನಾನು ಹೋದಾಗ ಅಮ್ಮ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದರು. ಹಿಟ್ಟಿನ ಸುತ್ತ ಕೈ ಚಕ್ರದ ಹಾಗೆ ತಿರುಗುತ್ತಿತ್ತು, ರೊಟ್ಟಿ ತೆಳ್ಳಗೆ ಅಗಲವಾಗುತ್ತ ಹೋಗುತ್ತಿತ್ತು. ಬಾಗಿಲಲ್ಲಿ ಓಣಿಯ ಹೆಂಗಸರು ಜಾದೂ ನೋಡುವವರ ಹಾಗೆ ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅಳೆದೆ. ಎಲ್ಲ ಸೊನ್ನೆ, ಅಲ್ಲಲ್ಲಿ ಒಂದು. ಪ್ರಶ್ನೆಗಳಿಗೂ ಒಳ್ಳೆಯ ಉತ್ತರವೇ. ಮನೆಯವರೊಂದಿಗೆ ಸಿಡುಕು, ಜಗಳ ಉಂಟೇ? ಇಲ್ಲ. ಮೊದಲು ಆ ಪ್ರಶ್ನೆಗೆ ಸೊಸೆ ನಕ್ಕು ಮುಖ ಮುಚ್ಚಿಕೊಂಡಿದ್ದಳು, ಆಗ ನಾನು ನಾಲ್ಕು ಹಾಕಿದ್ದೆ. ಈಗ ಅದೂ ಸೊನ್ನೆ.

ಎದುರು ಮನೆಯಾಕೆ ನನ್ನನ್ನು ಆಟೋದವರೆಗೆ ಬಿಡಲು ಬಂದು ಮೆಲ್ಲಗೆ ಕೇಳಿದಳು, "ಮೇಡಂ, ನಮ್ಮತ್ತಿಗೆ ನಡುಗೋ ಬ್ಯಾನಿ ಏನೂ ಇಲ್ರಿ. ಆದ್ರೂ ಆ ಮಿಶಿನ್ ಒಂದು ಕುಂಡ್ರಸಾಕ ಬರ್ತೈತೇನ್ರಿ? ಬಾಯಿ ಬಂದ್ ಆಕ್ಕೈತಲ್ಲ." ಹೊಟ್ಟೆ ಹಿಡಿದು ನಕ್ಕೆ. ಬಳ್ಳಾರಿಗೆ ಹೋಗಿ ಡಾಕ್ಟರಿಗೂ ಹೇಳಿ ನಗಿಸಿದೆ.

ಅದೇ ಸುಮಾರಿಗೆ ಕುರುಗೋಡಿನಿಂದ ಒಂದು ಪೆಟ್ಟು ಬಿತ್ತು. ಅಲ್ಲಿ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರಿಗೆ ಇದೇ ಆಪರೇಷನ್ ಆಗಿತ್ತು. ಹೋದಾಗಲೆಲ್ಲ ಇಸ್ತ್ರಿ ಅಂಗಿ, ನುಣ್ಣನೆ ಕ್ಷೌರ, ಹಣೆಯ ಮೇಲೆ ವಿಭೂತಿ. ಏನು ಕೇಳಿದರೂ ಒಂದೇ ಉತ್ತರ: "ಆರಾಮ ಅದೀನ್ರಿ." ಬೀಳುತ್ತೀರಾ? ಆರಾಮ. ನುಂಗಲು ಕಷ್ಟವೇ? ಆರಾಮ. ನಡೆಸಿ ನೋಡಿದರೂ ಚೆನ್ನಾಗಿಯೇ ನಡೆಯುತ್ತಿದ್ದರು. ಸೊನ್ನೆಗಳನ್ನು ಸುರಿದು ಬಂದ ವಾರದಲ್ಲೇ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೋಡಲು ಹೋದೆ. ಬೀಳುವುದು ಅದೇ ಮೊದಲಲ್ಲವಂತೆ, ಆಪರೇಷನ್ ಆದಾಗಿನಿಂದ ತಿರುಗುವಾಗೆಲ್ಲ ಬೀಳುತ್ತಿದ್ದರಂತೆ.

"ಯಾಕ ಹೇಳಲಿಲ್ಲಮ್ಮ?" ಎಂದು ಅವರ ಹೆಂಡತಿಯನ್ನು ಕೇಳಿದೆ. ದನಿ ಸ್ವಲ್ಪ ಏರಿತ್ತು.

"ನೀವು ಬರೋದು ಮದ್ಲ ಫೋನ್ ಮಾಡಿ ಹೇಳ್ತೀರಲ್ರಿ. ಹೊತ್ತು ನೋಡಿ ಗುಳಿಗಿ ಕೊಟ್ಟು, ತಯಾರ ಮಾಡಿ ಕುಂಡ್ರಸ್ತಿದ್ವಿ. ಮನಿಗೆ ಬಂದೋರ ಮುಂದ ಮಾರಿ ಸಣ್ಣದು ಮಾಡ್ಕೊಂಡು ಕುಂತ್ರ ಚೊಲೊ ಕಾಣ್ತೈತೇನ್ರಿ?"

ಬೈಯಲು ಬಾಯಿ ಬರಲಿಲ್ಲ. ನಾನೂ ಇದೇ ನೆಲದವಳು. ಮನೆಗೆ ಬಂದವರು ಆರಾಮೇ ಎಂದರೆ ಜ್ವರದಲ್ಲಿದ್ದರೂ ಆರಾಮ ಎನ್ನುವುದು, ಚಹ ಕೊಡುವುದು, ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ನಿಜ ಹೇಳುವುದು ನಮ್ಮ ರೀತಿ. ಹೆಣ್ಣು ನೋಡಲು ಬಂದವರಿಗೆ ತೋರಿಸಿದ ಹಾಗೆ ಅವರು ಸಾಹುಕಾರರನ್ನು ತೋರಿಸುತ್ತಿದ್ದರು, ನಾನು ಒಪ್ಪಿಕೊಂಡು ಬರುತ್ತಿದ್ದೆ. ನನ್ನ ಹಾಳೆಯ ಪ್ರಶ್ನೆಗಳನ್ನು ರೂಪಿಸಿದ ಪರದೇಶದವರ ಊರಲ್ಲಿ ಬಹುಶಃ ಕೇಳಿದ ಕೂಡಲೇ ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ.

ಅಂದಿನಿಂದ ಕ್ರಮ ಬದಲಿಸಿದೆ. ಗುಳಿಗೆಯ ಹೊತ್ತಿಗೆ ಮುಂಚೆಯೂ ಒಮ್ಮೆ, ಆಮೇಲೂ ಒಮ್ಮೆ ಅಳೆಯುವುದು. ಹೇಳಿದ ದಿನವಲ್ಲದೆ ಹೇಳದ ದಿನವೂ ಹೋಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ತೊಂದರೆ ಏನು ಎಂಬ ಪ್ರಶ್ನೆಯನ್ನಷ್ಟೇ ನೆಚ್ಚುವುದನ್ನು ಬಿಟ್ಟೆ. ಅದರ ಜೊತೆಗೆ ಮನೆಗೆಲಸ ನೋಡಿಕೊಳ್ಳುವ ಹೆಂಗಸರನ್ನು ಒಳಗೆ ಕಂಡು, "ಇವರು ಮೊದಲು ಮಾಡುತ್ತಿದ್ದದ್ದರಲ್ಲಿ ಈಗ ಏನನ್ನು ಬಿಟ್ಟಿದ್ದಾರೆ?" ಎಂದು ಕೇಳತೊಡಗಿದೆ. ಈ ಪ್ರಶ್ನೆಗೆ ಆರಾಮ ಎಂದು ಉತ್ತರ ಕೊಡಲು ಬರುವುದಿಲ್ಲ. ಡಾಕ್ಟರು ಕೇಳಿ, "ಅಂಕ ಅಂಕದ ಜಾಗದಲ್ಲಿರಲಿ, ಇದನ್ನು ಬೇರೆ ಬರೆದುಕೊಂಡು ಬನ್ನಿ," ಎಂದರು.

ಸಿರುಗುಪ್ಪಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಮಗನೇ ಫೋನ್ ಮಾಡಿದ. "ಮೇಡಂ, ಈ ತಿಂಗಳು ಬ್ಯಾಡ್ರಿ. ರಾರಾವಿಯಾಗ ತಂಗಿ ತೀರಿಕೊಂಡ್ಳು. ಕಾಮಾಲಿ ಆಗಿತ್ತು. ಔಷಧಿ ಗಿಡ ಅಂತ ಅಲ್ಲೇ ಹೊತ್ತು ಹೋತು, ಬಳ್ಳಾರಿಗೆ ತರೋದ್ರಾಗ ಕೈ ಮೀರಿತ್ತು." ಅಮ್ಮ ಹೇಗಿದ್ದಾರೆ ಎಂದೆ. "ಅವ್ವ ಆರಾಮ ಅದಾಳ್ರಿ," ಎಂದ. ಆ ಮಾತು ಕಿವಿಯಲ್ಲಿ ಉಳಿಯಿತು. ಮಗಳನ್ನು ಕಳೆದುಕೊಂಡ ತಾಯಿಯ ವಿಷಯದಲ್ಲಿ ಯಾರೂ, ನಮ್ಮ ಕಡೆಯವರೂ, ಹಾಗೆ ಹೇಳುವುದಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಹೋದೆ. ಅಮ್ಮ ಕಟ್ಟೆಯ ಮೇಲಿರಲಿಲ್ಲ. ಒಳಗೆ ಮಂಚದ ಅಂಚಿನಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಬಂದೇನವ್ವ," ಎಂದರು. ಅಷ್ಟೇ. ಊಟದ ಹೊತ್ತಾಗಿತ್ತು, ಊಟದ ಮಾತು ಬರಲಿಲ್ಲ. ಬೆರಳು ತಟ್ಟಿ ಎಂದೆ, ತಟ್ಟಿದರು, ಲಯ ತಪ್ಪದೆ. ಮುಷ್ಟಿ, ಅಂಗೈ, ಕುರ್ಚಿಯಿಂದ ಏಳುವುದು, ನಡಿಗೆ, ತಿರುವು, ಎಲ್ಲ ಚೊಕ್ಕ. ಕುಣಿ ಅಂತೀಯೇನು ಎಂದು ಕೇಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಆದರೆ ಈ ಕಾಯಿಲೆಯಲ್ಲಿ ಮುಖ ಹೇಗೂ ಮರಗಟ್ಟಿರುತ್ತದೆ, ಅದನ್ನು ನೋಡಿ ಮನಸ್ಸು ಅಳೆಯಲಾಗುವುದಿಲ್ಲ. ಪ್ರಶ್ನೆ ಓದಿದೆ.

"ಮನಸ್ಸಿಗೆ ಭಾಳ ಬ್ಯಾಸರ ಆಗ್ತೈತೇನಮ್ಮ?"

"ಇಲ್ಲ."

"ದುಃಖ?"

"ಇಲ್ಲ."

"ಸಾಯ್ಬೇಕು ಅನ್ನೋ ವಿಚಾರ?"

"ಇಲ್ಲವ್ವ."

ಸೊನ್ನೆ, ಸೊನ್ನೆ, ಸೊನ್ನೆ. ನನ್ನ ಪೆನ್ನಿಗೇ ನಾಚಿಕೆಯಾಗಬೇಕು. ಅವರು ನನ್ನಿಂದ ಮುಚ್ಚಿಡುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದಾರೆ ಎಂದೂ ಅನ್ನಿಸಿತು. ಭಯವಾಯಿತು. ಎದ್ದು ಅಡುಗೆಮನೆಗೆ ಹೋಗಿ ಸೊಸೆಯನ್ನು ಕೇಳಿದೆ, ಮೊದಲು ಮಾಡುತ್ತಿದ್ದದ್ದರಲ್ಲಿ ನಿಮ್ಮತ್ತೆ ಈಗ ಏನು ಬಿಟ್ಟಿದ್ದಾರೆ ಎಂದು.

"ಏನೂ ಬಿಟ್ಟಿಲ್ರಿ. ಕೊಟ್ಟ ಕೆಲಸ ಮಾಡ್ತಾರ. ರೊಟ್ಟಿ ತಟ್ರಿ ಅಂದ್ರ ತಟ್ತಾರ, ಸಾಕು ಅಂದ್ರ ಏಳ್ತಾರ." ಅವಳು ಪಾತ್ರೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. "ಬೈಯೋದೊಂದು ಬಿಟ್ಟಾರ್ರಿ." ನಗಲು ಹೋದಳು. ನಗು ಅರ್ಧಕ್ಕೇ ನಿಂತು, ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಆಮೇಲೆ ರಾರಾವಿಯ ದಿನ ಏನಾಯಿತೆಂದು ಹೇಳಿದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕುಳಿತು ಹಾಡಿಕೊಂಡು ಅಳುತ್ತಾರೆ. ಹುಟ್ಟಿದ್ದು, ನಡೆದಾಡಿದ್ದು, ಮದುವೆಯಾಗಿ ಹೋದದ್ದು, ಉಂಡದ್ದು, ಉಡದೇ ಹೋದದ್ದು, ಎಲ್ಲ ಆ ಅಳುವಿನಲ್ಲಿ ಬರಬೇಕು. ಹೆತ್ತವಳು ಬದುಕಿದ್ದರೆ ಮೊದಲು ಅವಳು ಎತ್ತಿಕೊಡಬೇಕು, ಉಳಿದವರು ಹಿಂದೆ ದನಿಗೂಡಿಸಬೇಕು. ಅಮ್ಮ ಇದರಲ್ಲಿ ಹೆಸರಾದವರು. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರು ಬಂದು ಕುಳಿತ ಮೇಲೆಯೇ ಅಳುವಿಗೆ ಕಳೆ ಬರುತ್ತಿತ್ತಂತೆ.

"ಅಂಗಳದಾಗ ಗ್ವಾಡಿಗೆ ಆನಿಸಿ ಕುಂಡ್ರಿಸಿದ್ರು ನಮ್ಮ ನಾದಿನೀನ. ಅತ್ತಿ ಹೋಗಿ ಬಾಜೂಕ ಕುಂತ್ರು. ರಾರಾವಿ ಹೆಂಗಸ್ರೆಲ್ಲ ಇವ್ರ ಬಾಯಿ ನೋಡ್ಕೊಂತ ಕುಂತ್ರು. ಇವ್ರು ಬಾಯಿ ತಗೀಲಿಲ್ಲ. ಒಂದು ಹನಿ ನೀರು ಇಲ್ಲ ಕಣ್ಣಾಗ. ಯಾರಿಗೂ ಅಳಾಕ ಬರವಲ್ದು. ಅಂಥಾ ಮನಿಯಾಗ ಗಪ್ಪಂದ್ರ ಗಪ್ಪು. ಆಮ್ಯಾಲೆ ನನ್ನ ಕಡಿ ತಿರುಗಿ, ಮನಿ ಬಾಗ್ಲಾ ಹಾಕ್ಕೊಂಡು ಬಂದೀಯೇನು ಅಂತ ಕೇಳಿದ್ರು. ಎಲ್ಲಾರೂ ಕೇಳಿಸ್ಕೊಂಡ್ರು ಮೇಡಂ. ಹೆತ್ತಾಕಿ ಅಲ್ಲ ಇವ್ಳು, ಕಲ್ಲು ಅಂದ್ರು. ಮಣ್ಣು ಮಾಡಿ ಬಂದ ಮ್ಯಾಲೂ ಅದನ್ನ ಅಂದ್ರು."

ಮತ್ತೆ ಮಂಚದ ಬಳಿ ಹೋಗಿ ಕುಳಿತೆ. ಹಾಳೆಯನ್ನು ಚೀಲಕ್ಕೆ ಹಾಕಿಬಿಟ್ಟಿದ್ದೆ. "ಅಮ್ಮ, ಮಗಳ ನೆನಪಾಗ್ತೈತೇನು?" ಎಂದೆ.

"ಆಗ್ತೈತಿ."

"ಅಳು ಬರಂಗಿಲ್ಲೇನು?"

ತಮ್ಮ ಕೈಯನ್ನೇ ನೋಡಿಕೊಂಡರು. ನಡುಗದ, ಚಂದದ ಕೈ. "ಅಳಬೇಕಂತ ಗೊತ್ತೈತಿ ತಂಗಿ," ಎಂದರು. "ಬರವಲ್ದು."

ನನ್ನ ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತೊಂದರೆಯ ಮಾತನ್ನು ನಾನು ಕೇಳಿಲ್ಲ. ಅದಕ್ಕೆ ಹಾಕಲು ನನ್ನ ಬಳಿ ಅಂಕವೇ ಇರಲಿಲ್ಲ.

ಡಾಕ್ಟರಿಗೆ ಹೇಳಿದಾಗ ಈ ಸಲ ಅವರು ನಗಲಿಲ್ಲ. ಕುರ್ಚಿಗೆ ಒರಗಿ, ಆಪರೇಷನ್ ಆದ ಮೇಲೆ ಗುಳಿಗೆ ಎಷ್ಟು ಇಳಿಸಿದ್ದೆವೆಂದು ತೆಗೆದು ನೋಡಿದರು. ಆ ಗುಳಿಗೆ ಮೆದುಳಿಗೆ ಒದಗಿಸುವ ಸತ್ವ ಕೈಕಾಲು ಆಡಿಸುವುದಕ್ಕಷ್ಟೇ ಬೇಕಾದದ್ದಲ್ಲ, ಏನಾದರೂ ಬೇಕು ಎನ್ನಿಸುವುದಕ್ಕೂ ಅದೇ ಬೇಕು. ಕರೆಂಟು ನಡುಕವನ್ನು ನೋಡಿಕೊಳ್ಳುತ್ತದೆಂದು ಗುಳಿಗೆಯನ್ನು ಬೇಗ ಇಳಿಸಿದರೆ ಕೆಲವರಲ್ಲಿ ಬಯಕೆ, ಸಿಟ್ಟು, ಸಂತೋಷ, ದುಃಖ ಎಲ್ಲ ಒಟ್ಟಿಗೇ ತಣ್ಣಗಾಗುತ್ತವೆ. ಹೊರಗಿನಿಂದ ನೋಡಿದರೆ ಸಮಾಧಾನದ ಹಾಗೆ ಕಾಣುತ್ತದೆ. "ಮೆಲ್ಲಗೆ ಏರಿಸಿ ನೋಡಬಹುದು," ಎಂದರು. "ಕೈಕಾಲು ತಾವಾಗಿ ತಿರುಚುವುದು ಶುರುವಾಗಬಹುದು, ವಾಕರಿಕೆ ಬರಬಹುದು. ಮನಸ್ಸು ತಿರುಗಿ ಬಂದೇ ಬರುತ್ತದೆಂದು ಹೇಳಲಾರೆ. ಬಂದರೆ ಏನು ಬರುತ್ತದೆಂದು ನಿಮಗೂ ಗೊತ್ತು. ಮನೆಯವರನ್ನು ಕರೆಸಿ."

ಮೂವರೂ ಬಂದರು. ಅಮ್ಮ ಕುರ್ಚಿಯಲ್ಲಿ, ಮಗ ಅವರ ಪಕ್ಕದಲ್ಲಿ, ಸೊಸೆ ಬಾಗಿಲಿಗೆ ಆನಿಕೊಂಡು. ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಮಗ ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಸರ. ಮಗಳು ಸತ್ತಾಳ ಅಂದ್ರ ಮೊದ್ಲಿನ ಅವ್ವ ಇದ್ದಿದ್ರ ಎದಿ ಒಡ್ಕೊಂಡು ಸಾಯ್ತಿದ್ಲು. ದೇವ್ರು ದೊಡ್ಡಾಂವ, ಅಕಿಗೆ ಗೊತ್ತಾಗದಂಗ ಮಾಡ್ಯಾನ. ಉಂಡು ಉಟ್ಟು ಆರಾಮ ಅದಾಳ. ಇದ್ದ ಗಾಯದ ಮ್ಯಾಲೆ ಯಾಕ ಕೈ ಇಡ್ತೀರಿ?"

ಅವನ ಮಾತು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ತಾಯಿಯ ಮೇಲಿನ ಅಂತಃಕರಣದಿಂದಲೇ ಹೇಳುತ್ತಿದ್ದ. ತಂಗಿಗಾಗಿ ಅವನೊಬ್ಬನೇ ಎಷ್ಟು ಅತ್ತಿದ್ದನೋ, ಕಣ್ಣ ಕೆಳಗೆ ಕಪ್ಪಾಗಿತ್ತು. ಡಾಕ್ಟರು ಅಮ್ಮನ ಕಡೆ ತಿರುಗಿ, ಗುಳಿಗೆ ಏರಿಸೋಣವೇ, ನಿಮಗೇನು ಬೇಕು ಎಂದು ಕೇಳಿದರು.

"ನಿಮಗ ತಿಳಿದಂಗ ಮಾಡ್ರಿ," ಎಂದರು ಅಮ್ಮ.

ಮತ್ತೊಮ್ಮೆ ಕೇಳಿದರು. ಅದೇ ಉತ್ತರ. ಬೇಕು ಎನ್ನುವುದೇ ಒಣಗಿಹೋದವರನ್ನು ನಿಮಗೇನು ಬೇಕು ಎಂದು ಕೇಳಿ ಒಪ್ಪಿಗೆ ಪಡೆಯುವುದು ಹೇಗೆ? ಆಗ ಬಾಗಿಲಿನಿಂದ ದನಿ ಬಂತು.

"ಏರಿಸ್ರಿ ಸರ."

"ನಿನಗೇನ ತಿಳೀತೈತಿ, ಸುಮ್ನಿರು," ಎಂದ ಮಗ.

"ಬೈಸಿಕೊಂಡಾಕಿ ನಾನು. ನನಗ ತಿಳೀದ ಮತ್ಯಾರಿಗೆ ತಿಳೀಬೇಕು?" ಗಂಡನೆದುರು, ಪರಸ್ಥಳದಲ್ಲಿ ಅಷ್ಟು ಗಟ್ಟಿಯಾಗಿ ಅವಳು ಹಿಂದೆಂದೂ ಮಾತಾಡಿರಲಾರಳು, ಕುತ್ತಿಗೆ ಕೆಂಪಾಗಿತ್ತು. "ಬಸ್ರಿದ್ದಾಗ ನನಗ ವಾಂತಿ ನಿಲ್ತಿದ್ದಿಲ್ಲ. ಬೈಕೋತ ಬೈಕೋತ ತುತ್ತು ಮಾಡಿ ಬಾಯಾಗ ಇಟ್ಟಾರ. ಈಗ ಮೊನ್ನಿ ನನಗ ಜ್ವರ ಬಂದು ಮಲಗಿದ್ರ ಇವ್ರು ಬಾಜೂಕ ಕುಂತಿದ್ರು, ಹಣಿ ಮುಟ್ಟಿ ನೋಡಲಿಲ್ಲ. ಕುಂತಾರ ಅಷ್ಟ. ಇದು ಆರಾಮ ಅಲ್ರಿ. ನಮ್ಮತ್ತಿ ಎಲ್ಲೋ ಹೋಗ್ಯಾರ, ಕರಕೊಂಡು ಬರ್ರಿ."

ಡಾಕ್ಟರು ನನ್ನ ಮುಖ ನೋಡಿದರು. "ನೀವೇನಂತೀರಿ?"

ದಾರಿಯುದ್ದಕ್ಕೂ, ದಿನಗಟ್ಟಲೆ, ಎರಡೂ ಕಡೆ ವಾದ ಮಾಡಿಕೊಂಡಿದ್ದೆ. ತೊಂದರೆ ಕಡಿಮೆ ಮಾಡುವುದು ನಮ್ಮ ಕಸುಬು. ಗುಳಿಗೆ ಏರಿಸಿ ಒಬ್ಬ ತಾಯಿಯ ತಲೆಯ ಮೇಲೆ ಮಗಳ ಸಾವನ್ನು ಹೊರಿಸುವುದು ಯಾವ ಕಸುಬು? ಆದರೆ ಅಂದು ಮಂಚದ ಅಂಚಿನಲ್ಲಿ ಅವರು ಹೇಳಿದ್ದನ್ನು ಬಿಟ್ಟು ನನಗೆ ಬೇರೆ ಆಧಾರವಿರಲಿಲ್ಲ. ಅಳಬೇಕಂತ ಗೊತ್ತೈತಿ ಎಂದಿದ್ದರು. ಉಳಿದೆಲ್ಲದಕ್ಕೂ ಇಲ್ಲ ಎಂದವರು ಅದೊಂದನ್ನು ತಾವಾಗಿ ಹೇಳಿದ್ದರು. ಅವರಿಂದ ಸಿಗಬಹುದಾದ ಒಪ್ಪಿಗೆ ಅಷ್ಟೇ, ಅದು ಸಿಕ್ಕಿದೆ ಎಂದು ನನಗೆ ತೋರಿತು.

"ಅವರು ಅಳುವುದಕ್ಕೆ ಪ್ರಯತ್ನ ಮಾಡುತ್ತಿದ್ದಾರೆ ಸರ್," ಎಂದೆ. "ಏರಿಸಿ."

ಮಗ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, "ಏನರ ಮಾಡ್ರಿ," ಎಂದು ಒಪ್ಪಿದ.

ಗುಳಿಗೆಯನ್ನು ಕಾಲು ಕಾಲು ಭಾಗವಾಗಿ ಏರಿಸಿದರು, ಕರೆಂಟನ್ನು ಒಂದು ಬದಿಯಲ್ಲಿ ತುಸು ತಗ್ಗಿಸಿದರು. ಮೊದಲ ವಾರಗಳಲ್ಲಿ ವಾಕರಿಕೆ ಬಿಟ್ಟರೆ ಬೇರೇನೂ ಬರಲಿಲ್ಲ. ಆಮೇಲೆ ಬಲಪಾದ ಕೂತಲ್ಲೇ ಹಾವಿನಂತೆ ತಿರುಚತೊಡಗಿತು. ಸೊನ್ನೆ ಇದ್ದಲ್ಲಿ ಎರಡು ಬರೆಯಬೇಕಾಯಿತು. ರೊಟ್ಟಿ ಒಂದೊಂದು ದಿನ ಹರಿಯುತ್ತಿತ್ತು. ಮಗ ಫೋನಿನಲ್ಲಿ, "ನೋಡಿದ್ರೇನ್ರಿ, ಇದ್ದದ್ದೂ ಹೋತು," ಎಂದ. ಹೋಗಿ ಅಳೆದು ಬರುತ್ತಿದ್ದೆ. ಅಮ್ಮ ಅದೇ ಮಂಚದ ಅಂಚಿನಲ್ಲಿ, ಅದೇ "ಬಂದೇನವ್ವ." ತಪ್ಪು ಮಾಡಿದೆವೇನೋ ಎಂದು ಡಾಕ್ಟರ ಮುಂದೆ ಅಂದೂಬಿಟ್ಟೆ. ಅವರು ಇನ್ನೂ ಕಾಲು ಭಾಗ ಏರಿಸಿದರು.

ಒಂದು ದಿನ ಸೊಸೆಯ ಫೋನ್ ಬಂತು. ಏನೂ ಹೇಳಲಾಗದೆ ನಗುತ್ತಿದ್ದಳು.

"ಮೇಡಂ, ಬೈದ್ರು!"

"ಏನಂದ್ರು?"

"ಇದು ರೊಟ್ಯೋ ಚಪ್ಲಿ ಅಟ್ಟೆಯೋ, ನಿಮ್ಮವ್ವ ಏನ ಕಲಿಸಿ ಕಳಿಸ್ಯಾಳ ನಿನಗ ಅಂದ್ರು. ನಮ್ಮವ್ವನ್ನೂ ಸೇರಿಸಿ ಬೈದ್ರು ಮೇಡಂ!"

ನಾನೂ ನಕ್ಕೆ. ಚಿಕಿತ್ಸಾಲಯದಲ್ಲಿ ಪೇಢೆಯನ್ನೂ ಹಂಚಿದೆ. ಮುಂದೆ ಬರುವುದು ಗೊತ್ತಿದ್ದೂ ಹಂಚಿದೆ.

ಅದಾಗಿ ಎರಡನೆಯ ವಾರ ಸಿರುಗುಪ್ಪಕ್ಕೆ ಹೋದಾಗ ಹಗಲು ಏರಿತ್ತು. ಆಟೋ ಇಳಿದು ಓಣಿಯ ತಿರುವಿನಲ್ಲಿ ಬರುವಾಗಲೇ ಆ ದನಿ ಕೇಳಿಸಿತು. ಓಣಿಯ ಹೆಂಗಸರು ಕೆಲಸ ಬಿಟ್ಟು ಬಂದು ಅಂಗಳದಲ್ಲಿ ಕುಳಿತಿದ್ದರು. ಮಿಶಿನ್ ಬೇಕೆಂದು ಕೇಳಿದ್ದ ಎದುರು ಮನೆಯಾಕೆಯೂ ಇದ್ದಳು, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. ನಡುವೆ ಅಮ್ಮ. ಕಾಲು ಅದರ ಪಾಡಿಗೆ ತಿರುಚುತ್ತಿತ್ತು, ಎರಡೂ ಕೈಯಿಂದ ನೆಲ ಬಡಿಯುತ್ತಿದ್ದರು.

"ಸಂತಿಗೆ ಹೋದ್ರ ಸೆರಗ ಬಿಡದಾಕಿ, ನನ್ನ ಬಿಟ್ಟು ಹೆಂಗ ಹೋದೆವ್ವಾ... ನಾ ತಲಿ ಬಾಚಿದ್ರ ನೋವಾತಂತ ಅಳಾಕಿ, ಕಡೀಕ ಯಾರ ಬಾಚಿದ್ರವ್ವಾ ನಿನ್ನ ತಲಿ... ಬಾಜೂಕ ಕುಂತಿದ್ನೆವ್ವಾ, ನಿನ್ನ ಬಾಜೂಕ ಕಲ್ಲಾಗಿ ಕುಂತಿದ್ನೆವ್ವಾ..."

ಬೆಳಿಗ್ಗೆಯಿಂದ ಹೀಗೇ ಎಂದು ಸೊಸೆ ಹೇಳಿದಳು. ಅವಳ ಮುಖವೂ ಊದಿಕೊಂಡಿತ್ತು. ಮಗ ಅಂಗಡಿ ಮುಚ್ಚಿ ಬಂದಿದ್ದ. ನನ್ನನ್ನು ಕಂಡವನೇ ಎದ್ದು ಬಂದು ಎದುರಿಗೆ ನಿಂತ.

"ನೋಡ್ರಿ ಮೇಡಂ, ಕಣ್ಣಾರೆ ನೋಡ್ರಿ. ಇದನ್ನ ನೋಡಾಕ ಅಲ್ಲೇನ್ರಿ ನೀವು ಏರಿಸಿದ್ದು? ನಿಮ್ಮ ಕಾಲು ಬೀಳ್ತೀನಿ, ಮತ್ತ ಇಳಿಸಿಬಿಡ್ರಿ. ಆ ಗುಳಿಗಿ ತಗದು ಹಾಕ್ರಿ."

ಅಮ್ಮನಿಗೆ ಅವನ ಮಾತು ಕೇಳಿಸಿತೆಂದು ಅಳು ನಿಂತಾಗ ಗೊತ್ತಾಯಿತು. ತಲೆ ಎತ್ತಿ ಮಗನನ್ನು ನೋಡಿದರು.

"ಏನ ಇಳಿಸ್ತೀಯಲೇ? ನನ್ನ ಮಗಳಿಗೆ ನಾ ಅಳದ ಯಾರ ಅಳ್ತಾರ? ಅಂದು ಅಳಾಕ ಆಗಲಿಲ್ಲ, ಇಂದು ಅಳ್ತೀನಿ. ಆ ಕಡಿ ಸರಿ."

ಮಗ ಅಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡ. ಅಮ್ಮ ನನ್ನನ್ನು ಕೈ ಸನ್ನೆ ಮಾಡಿ ಕರೆದರು. ಹೋಗಿ ಪಕ್ಕದಲ್ಲಿ ಕುಳಿತೆ. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಕೈ ಒದ್ದೆಯಾಗಿತ್ತು, ಮಣ್ಣಾಗಿತ್ತು, ಸ್ವಲ್ಪ ನಡುಗುತ್ತಿತ್ತು. ನನ್ನ ಮುಖದ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಕೇಳಿದರು.

"ತಂಗಿ, ಖರೇ ಹೇಳು. ಈ ಅಳು ಮತ್ತ ಹೋಗಂಗಿಲ್ಲ, ಹೌದಿಲ್ಲ?"

ಕಾಯಿಲೆ ಬೆಳೆಯುತ್ತದೆ. ಬ್ಯಾಟರಿ ಸವೆಯುತ್ತದೆ. ಗುಳಿಗೆಯ ಲೆಕ್ಕ ವರ್ಷವರ್ಷಕ್ಕೂ ಬದಲಾಗುತ್ತದೆ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಹೇಳಲು ನನ್ನಿಂದಲೂ ಆಗದು, ಆಪರೇಷನ್ ಮಾಡಿದವರಿಂದಲೂ ಆಗದು.

"ಹೋಗಂಗಿಲ್ಲಮ್ಮ," ಎಂದೆ.

"ಹಂಗಾರ ಸರಿ," ಎಂದು ಅವರು ನನ್ನ ಕೈ ಬಿಟ್ಟರು. ಸೆರಗು ಸರಿಮಾಡಿಕೊಂಡು, ನೆಲಕ್ಕೆ ಕೈ ಊರಿ, ಮಗಳು ಹುಟ್ಟಿದಲ್ಲಿಂದ ಮತ್ತೆ ಶುರುಮಾಡಿದರು.